ಆಟಿ ಮಳೆಯಲ್ಲಿ ಮೆಗ್ಗರ್: ಕಾಸರಗೋಡಿನ ಬದಿಯಡ್ಕ ಕಡೆಯ ಹಂಚಿನ ಮನೆಯೊಂದರ ಇನ್ಸುಲೇಶನ್ ದಾಖಲೆ

ಮೆಗ್ಗರ್ ಎಂದರೆ ಹೆಚ್ಚಿನ ವೋಲ್ಟ್ ಕೊಟ್ಟು ವೈರಿನ ಇನ್ಸುಲೇಶನ್, ಅಂದರೆ ಕರೆಂಟು ಹೊರಗೆ ಸೋರದಂತೆ ತಡೆಯುವ ಹೊದಿಕೆ, ಎಷ್ಟು ಗಟ್ಟಿ ಎಂದು ಅಳೆಯುವ ಮೀಟರು. ಅಂಕಿ ಮೆಗಾಓಮ್‌ನಲ್ಲಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಆಟಿ ಎಂದರೆ ಜುಲೈ–ಆಗಸ್ಟಿನ ತುಳು ತಿಂಗಳು. ಅಳೆದ ಮನೆ ಹೀಗೆ: ಮುರಕಲ್ಲಿನ ಗೋಡೆ, ಹಂಚಿನ ಮಾಡು, ಚಾವಡಿಗೆ ಮರದ ಮುಚ್ಚಿಗೆ. ಹಿಂಬದಿಯಲ್ಲಿ ಅಡುಗೆಮನೆಗೆ ತಾಗಿಕೊಂಡು ಬಚ್ಚಲು, ಅದರಾಚೆ ಕೊಟ್ಟಿಗೆ. ಕರೆಂಟು ಸಿಂಗಲ್ ಫೇಸ್. ತೋಟದ ಪಂಪಿಗೆ ಬೇರೆ ಮೀಟರು ಇರುವುದರಿಂದ ಅದು ಈ ಲೆಕ್ಕದಲ್ಲಿಲ್ಲ. ಡಿಬಿಯಲ್ಲಿ (ಮನೆಯ ಸರ್ಕ್ಯೂಟುಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) ಒಂದು ಮೇನ್ ಐಸೊಲೇಟರ್, 30 ಮಿಲಿಆಂಪ್‌ನ ಒಂದು ಆರ್‌ಸಿಸಿಬಿ (ಕರೆಂಟು ಅರ್ತಿಗೆ ಸೋರಿದರೆ ತಾನೇ ಬಿದ್ದು ಕಡಿಯುವ ಸ್ವಿಚ್; ಊರಲ್ಲಿ ಇದಕ್ಕೆ ಈಗಲೂ ಇಎಲ್‌ಸಿಬಿ ಎಂದೇ ಹೆಸರು), ಸರ್ಕ್ಯೂಟಿಗೊಂದರಂತೆ ಐದು ಸಿಂಗಲ್ ಪೋಲ್ ಎಂಸಿಬಿ (ಹೊರೆ ಮೀರಿದರೆ ಬೀಳುವ ಸ್ವಿಚ್). ಒಂದು ಇನ್ವರ್ಟರೂ ಉಂಟು.

ದೂರು ಇಷ್ಟು: ಜೂನ್ ಕೊನೆಯಿಂದ ಆರ್‌ಸಿಸಿಬಿ ಬೀಳುತ್ತಿದೆ. ಎತ್ತಿದರೆ ನಿಲ್ಲುತ್ತದೆ, ಮಿಕ್ಸಿ ಹಾಕಿದರೆ ಮತ್ತೆ ಬೀಳುತ್ತದೆ. ಸಂಜೆ ಆರರಿಂದ ಎಂಟರವರೆಗೆ ಹೆಚ್ಚು. ಐದೂ ಎಂಸಿಬಿ ಇಳಿಸಿಟ್ಟರೂ ಒಮ್ಮೊಮ್ಮೆ ಬೀಳುತ್ತದೆ. ಈ ಕೊನೆಯ ಮಾತು ಕೇಳಿದವರು ಸಾಮಾನ್ಯವಾಗಿ "ಹಾಗಾದರೆ ಆರ್‌ಸಿಸಿಬಿಯೇ ಕೆಟ್ಟಿದೆ" ಎಂದು ತೀರ್ಮಾನಿಸುತ್ತಾರೆ. ಮಳೆಗಾಲ ಮುಗಿಯುವವರೆಗೆ ಅದನ್ನು ತಪ್ಪಿಸಿ ನೇರ ವೈರು ಕೊಡಿಸಿಕೊಳ್ಳುವ ಮನೆಗಳು ಒಂದೆರಡಲ್ಲ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ನೆಲ, ಗೋಡೆ, ಮೈ ಎಲ್ಲವೂ ಒದ್ದೆ ಇರುವ ತಿಂಗಳುಗಳಲ್ಲೇ ಜೀವ ಕಾಯುವ ಸಾಧನವನ್ನು ಕಿತ್ತಿಟ್ಟ ಹಾಗಾಯಿತು. ಆರ್‌ಸಿಸಿಬಿ ಬೀಳುತ್ತಿದೆ ಎಂದರೆ ಎಲ್ಲೋ ಕರೆಂಟು ಸೋರುತ್ತಿದೆ. ಆ ಜಾಗ ಸಿಗುವವರೆಗೆ ಹುಡುಕಲೇಬೇಕು.

ಎಂಸಿಬಿ ಇಳಿಸಿದರೂ ಬೀಳುವುದಕ್ಕೆ ಕಾರಣ ಉಂಟು. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಕರೆಂಟು ತರುವ ಫೇಸನ್ನು ಮಾತ್ರ. ಕರೆಂಟು ಹಿಂದಿರುಗುವ ನ್ಯೂಟ್ರಲ್ ವೈರುಗಳೆಲ್ಲ ಡಿಬಿಯೊಳಗಿನ ಲೋಹದ ಬಾರಿನಲ್ಲಿ ಕೂಡಿಕೊಂಡೇ ಇರುತ್ತವೆ. ಎಲ್ಲಾದರೂ ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಎಂಸಿಬಿ ಇಳಿಸಿ ಪ್ರಯೋಜನವಿಲ್ಲ. ಈ ಮನೆಯ ಲಕ್ಷಣ ಮೊದಲಿಂದಲೇ ಅತ್ತ ಕೈ ತೋರಿಸುತ್ತಿತ್ತು.

ಮೀಟರಿನ ಪರೀಕ್ಷೆ ಮೊದಲು

ಉಪಯೋಗಿಸಿದ್ದು ಬ್ಯಾಟರಿಯ ಡಿಜಿಟಲ್ ಮೆಗ್ಗರ್, 500 ವೋಲ್ಟ್ ಡಿಸಿ, 200 ಮೆಗಾಓಮ್‌ವರೆಗಿನ ರೇಂಜ್. ಕೈಯಲ್ಲಿ ತಿರುಗಿಸುವ ಹಳೆಯ ಮೆಗ್ಗರ್ ಆದರೂ ತೊಂದರೆಯಿಲ್ಲ. ಅದನ್ನು ನಿಮಿಷಕ್ಕೆ ಸುಮಾರು 160 ಸುತ್ತಿನಂತೆ, ಒಂದೇ ವೇಗದಲ್ಲಿ, ಪೂರ್ತಿ ಒಂದು ನಿಮಿಷ ತಿರುಗಿಸಬೇಕು. ಮಲ್ಟಿಮೀಟರಿನಿಂದ ಈ ಕೆಲಸ ಆಗದು. ಅದು ಓಮ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಅಷ್ಟು ಸಣ್ಣ ಒತ್ತಡಕ್ಕೆ ಧೂಳು, ತೇವ, ಬಿರುಕು ಬಿಟ್ಟ ಇನ್ಸುಲೇಶನ್ ಯಾವುದೂ ಬಾಯಿ ಬಿಡುವುದಿಲ್ಲ. 230 ವೋಲ್ಟ್ ಎಸಿಯ ತುದಿ 325 ವೋಲ್ಟ್‌ವರೆಗೆ ಏರುತ್ತದೆ. ಅದನ್ನು ತಡೆಯಬೇಕಾದ ವೈರನ್ನು ಅದಕ್ಕಿಂತ ಹೆಚ್ಚಿನ ವೋಲ್ಟಿನಲ್ಲೇ ನೋಡಬೇಕು.

ಮೆಗ್ಗರ್ ಸರಿ ಇದೆಯೇ ಎಂದು ಮೊದಲು ನೋಡಿದ್ದು ಮೂರು ರೀತಿಯಲ್ಲಿ. ಎರಡು ಕ್ಲಿಪ್ ಬಿಡಿಸಿ ಗಾಳಿಯಲ್ಲಿಟ್ಟಾಗ ರೇಂಜಿನಾಚೆ ತೋರಿಸಬೇಕು. ಕೂಡಿಸಿದಾಗ 0.00 ಬರಬೇಕು. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಗೊತ್ತಿರುವ ಒಂದು ರೆಸಿಸ್ಟರನ್ನು ಅಳೆಯುವುದು. 2.2 ಮೆಗಾಓಮ್‌ನ ಕಾಲು ವಾಟ್ ರೆಸಿಸ್ಟರ್ ಎರಡನ್ನು ಸರಣಿಯಲ್ಲಿ ಬೆಸೆದು ಹೀಟ್ ಶ್ರಿಂಕ್ ಸ್ಲೀವಿನೊಳಗೆ ಹಾಕಿಟ್ಟರೆ 4.4 ಮೆಗಾಓಮ್ ಆಗುತ್ತದೆ. ಎರಡು ಯಾಕೆಂದರೆ ಕಾಲು ವಾಟಿನ ಸಾಮಾನ್ಯ ರೆಸಿಸ್ಟರ್ ಸುಮಾರು 250 ವೋಲ್ಟ್‌ವರೆಗೆ ಮಾತ್ರ ತಡೆದೀತು, ಸರಣಿಯಲ್ಲಿಟ್ಟಾಗ 500 ವೋಲ್ಟ್ ಎರಡಕ್ಕೂ ಹಂಚಿಹೋಗುತ್ತದೆ. ಇಲ್ಲಿ ಬಂದದ್ದು 4.5. ಒಪ್ಪತಕ್ಕದ್ದು. ಮೆಗ್ಗರಿನ ಬ್ಯಾಟರಿ ಇಳಿದಿದ್ದರೆ ಇಲ್ಲೇ ಗೊತ್ತಾಗುತ್ತದೆ, ಮನೆಯ ವೈರಿನ ಮೇಲೆ ತಪ್ಪು ಹೊರಿಸಿದ ಮೇಲಲ್ಲ.

ಕರೆಂಟು ಕಡಿದದ್ದು ಹೇಗೆ

ಮೀಟರ್ ಬೋರ್ಡಿನ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಜೇಬಿಗೆ ಯಾಕೆಂದರೆ ಫ್ಯೂಸ್ ಅಲ್ಲೇ ಬಿದ್ದಿದ್ದರೆ ಮನೆಯವರು ಯಾರಾದರೂ ಸಿಕ್ಕಿಸಿಬಿಟ್ಟಾರು. ಇಷ್ಟಕ್ಕೆ ಮುಗಿಯಲಿಲ್ಲ. ಕರೆಂಟು ಹೋದದ್ದೇ ಇನ್ವರ್ಟರ್ ಎದ್ದು ಕೂರುತ್ತದೆ, ಚಾವಡಿಯ ಲೈಟಿನ ವೈರಿನಲ್ಲಿ 230 ವೋಲ್ಟ್ ಮತ್ತೆ ಬರುತ್ತದೆ. ಇನ್ವರ್ಟರ್ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ಗನ್ನೂ ಕಿತ್ತದ್ದಾಯಿತು. ಮಾಡಿನ ಮೇಲೆ ಸೋಲಾರ್ ಇರುವ ಮನೆಯಾದರೆ ಅದರ ಎಸಿ ಐಸೊಲೇಟರನ್ನೂ ಇಳಿಸಬೇಕು. ಮತ್ತೆ ಮಲ್ಟಿಮೀಟರನ್ನು ಗೊತ್ತಿರುವ ಲೈವ್ ಜಾಗದಲ್ಲಿ ಒಮ್ಮೆ ನೋಡಿ, ಡಿಬಿಯಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ಅಳೆದು, ಪುನಃ ಲೈವ್ ಜಾಗದಲ್ಲಿ ನೋಡಿ ಮೀಟರ್ ಸತ್ತಿಲ್ಲವೆಂದು ಖಾತ್ರಿ ಮಾಡಿಕೊಂಡದ್ದು. ಟೆಸ್ಟರ್ ಸ್ಕ್ರೂಡ್ರೈವರ್ ಬೆಳಗಲಿಲ್ಲ ಎಂಬ ಧೈರ್ಯದಲ್ಲಿ ವೈರಿಗೆ ಕೈ ಹಾಕಬಾರದು.

ಡಿಬಿ ಬಿಚ್ಚುವ ಕೆಲಸ ಕೇರಳದ ಲೈಸೆನ್ಸಿಂಗ್ ಬೋರ್ಡಿನ ಪರ್ಮಿಟ್ ಇರುವ ವಯರ್‌ಮ್ಯಾನ್‌ನದು. ಮನೆಯವರು ಮಾಡಬೇಕಾದ್ದು ಬೇರೆ: ಅಳತೆಯ ಅಂಕಿ ಕೇಳಿ ಬರೆಸಿಕೊಳ್ಳುವುದು. "ಎಲ್ಲ ಸರಿ ಉಂಟು" ಎಂಬ ಮಾತು ಮುಂದಿನ ವರ್ಷಕ್ಕೆ ಉಪಯೋಗಕ್ಕೆ ಬಾರದು, ಅಂಕಿ ಬರುತ್ತದೆ.

ಆಮೇಲೆ ಮನೆ ಸುತ್ತಿ ಎಲ್ಲ ಪ್ಲಗ್ ಕಿತ್ತದ್ದು: ಫ್ರಿಜ್, ಟಿವಿ, ಮೋಡೆಮ್, ವಾಟರ್ ಪ್ಯೂರಿಫೈಯರ್, ಮೊಬೈಲ್ ಚಾರ್ಜರ್. ಎಲ್‌ಇಡಿ ಬಲ್ಬುಗಳನ್ನು ಹೋಲ್ಡರಿನಿಂದ ತೆಗೆದದ್ದು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇರುವ ಕಡೆ ಫ್ಯಾನ್ ಸ್ವಿಚ್ ಆಫ್. ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ (ಸಿಡಿಲು ಮುಂತಾದವುಗಳಿಂದ ಏರುವ ವೋಲ್ಟನ್ನು ಅರ್ತಿಗೆ ಹರಿಸುವ ಸಾಧನ) ಇದ್ದರೆ ಅದನ್ನೂ ಬಿಡಿಸಬೇಕು, ಇಲ್ಲವಾದರೆ 500 ವೋಲ್ಟಿಗೆ ಅದೇ ಹರಿಯಲು ಬಿಟ್ಟು ಮನೆಯ ವೈರೆಲ್ಲ ಹಾಳಾದಂತೆ ಕಾಣುತ್ತದೆ. ಬಿಡಿಸಲು ಆಗದ ಜೋಡಣೆಯಾದರೆ 250 ವೋಲ್ಟಿನಲ್ಲಿ ಅಳೆಯಲು ಅವಕಾಶ ಉಂಟು, ಆಗಲೂ ಕನಿಷ್ಠ 1 ಮೆಗಾಓಮ್ ಬರಲೇಬೇಕು. ಸ್ವಿಚ್ ಬೋರ್ಡಿನ ಕೆಂಪು ಇಂಡಿಕೇಟರ್ ದೀಪಗಳನ್ನು ಮರೆಯಬಾರದು. ಅವು ಫೇಸಿಗೂ ನ್ಯೂಟ್ರಲಿಗೂ ನಡುವೆ ಕೂತಿರುವುದರಿಂದ ಫೇಸ್–ನ್ಯೂಟ್ರಲ್ ಅಳತೆಯನ್ನು ಕೆಲವು ನೂರು ಕಿಲೋಓಮ್‌ಗೆ ಇಳಿಸಿಬಿಡುತ್ತವೆ. ಒಂದು ವೈರು ಬಿಚ್ಚಿಟ್ಟರೆ ಸಾಕು.

ಉಳಿದ ಸ್ವಿಚ್ಚುಗಳೆಲ್ಲ ಆನ್ ಇರಬೇಕು. ಸ್ವಿಚ್ ಆಫ್ ಇದ್ದರೆ ಸ್ವಿಚ್ಚಿನಿಂದ ಹೋಲ್ಡರಿನವರೆಗಿನ ವೈರು ಅಳತೆಗೆ ಸಿಗುವುದೇ ಇಲ್ಲ. ಅಟ್ಟದ ಮೆಟ್ಟಿಲಿನ ಟೂ-ವೇ ಸ್ವಿಚ್ಚಿನಲ್ಲಿ ಇನ್ನೊಂದು ಸೂಕ್ಷ್ಮ ಉಂಟು: ಎರಡು ಸ್ವಿಚ್ಚಿನ ನಡುವೆ ಓಡುವ ಎರಡು ವೈರುಗಳಲ್ಲಿ ಒಂದು ಯಾವಾಗಲೂ ಬೇರೆಯಾಗಿ ಉಳಿಯುತ್ತದೆ. ಒಮ್ಮೆ ಅಳೆದು, ಕೆಳಗಿನ ಸ್ವಿಚ್ಚನ್ನು ಮಗುಚಿ, ಇನ್ನೊಮ್ಮೆ ಅಳೆದರೆ ಎರಡೂ ಲೆಕ್ಕಕ್ಕೆ ಬರುತ್ತವೆ.

ಅರ್ತ್ ಇದೆಯೇ ಎಂದು ನೋಡದೆ ಅಳೆದರೆ

ಇನ್ಸುಲೇಶನ್ ಅಳೆಯುವುದು ಅರ್ತಿಗೆ ಹೋಲಿಸಿ. ಅರ್ತ್ ವೈರು ನಡುವೆ ತುಂಡಾಗಿದ್ದರೆ ಕೊಳೆತ ವೈರೂ 200 ಮೆಗಾಓಮ್ ತೋರಿಸುತ್ತದೆ. ಆದ್ದರಿಂದ ಮೆಗ್ಗರಿಗಿಂತ ಮೊದಲು ಮಲ್ಟಿಮೀಟರಿನಲ್ಲಿ ಡಿಬಿಯ ಅರ್ತ್ ಬಾರಿನಿಂದ ಪ್ರತಿ ಸಾಕೆಟ್ಟಿನ ಅರ್ತ್ ಪಿನ್ನಿಗೆ ಓಮ್ ನೋಡಿದ್ದು. 1.5 ಚದರ ಮಿಲಿಮೀಟರ್ ತಾಮ್ರದ ವೈರು ಕಿಲೋಮೀಟರಿಗೆ 12.1 ಓಮ್. ಕೊಟ್ಟಿಗೆಯ ಸಾಕೆಟ್ಟಿಗೆ ವೈರಿನ ಓಟ 30 ಮೀಟರ್, ಹಾಗಾದರೆ 0.36 ಓಮ್ ಬರಬೇಕು. ಮೀಟರಿನ ಲೀಡಿನದ್ದು ಕಳೆದು ಬಂದದ್ದು 0.5. ಸಾಕಷ್ಟು ಹತ್ತಿರ.

ಚಾವಡಿಯ ಹಳೆಯ ಲೈಟ್ ಪಾಯಿಂಟುಗಳಿಗೆ ಅರ್ತ್ ವೈರೇ ಇಲ್ಲ, ಮರದ ಪಟ್ಟಿಯ ಮೇಲೆ ಎರಡು ವೈರು ಮಾತ್ರ. ಅಂಥಲ್ಲಿ ಬರುವ ದೊಡ್ಡ ಅಂಕಿಯನ್ನು ನಂಬುವ ಹಾಗಿಲ್ಲ, ದಾಖಲೆಯಲ್ಲಿ ಪಕ್ಕಕ್ಕೆ "ಅರ್ತ್ ಇಲ್ಲ" ಎಂದು ಬರೆದಿಡಬೇಕು.

ಮೊದಲ ಅಳತೆ, ಮಳೆ ಬೀಳುತ್ತಿರುವಾಗ

ಈ ಅಳತೆಗೆ ಬಿಸಿಲಿನ ದಿನ ಹುಡುಕುವುದು ವಾಡಿಕೆ. ಕಾಸರಗೋಡಿನ ಮಟ್ಟಿಗೆ ಅದು ತಪ್ಪು. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಸಾರಣೆ ಮಾಡದ ಗೋಡೆ ಆಟಿಯಲ್ಲಿ ಒಳಗಿನವರೆಗೂ ಒದ್ದೆಯಾಗಿರುತ್ತದೆ. ಇದೇ ಮನೆಯ ಮೇ ಕೊನೆಯ ಅಳತೆ ಡಿಬಿಯ ಬಾಗಿಲಿನಲ್ಲಿ ಅಂಟಿಸಿತ್ತು: ಹೊರಗಿನ ಸರ್ಕ್ಯೂಟ್ 3.4 ಮೆಗಾಓಮ್, ಅಡುಗೆಮನೆ 22 (ಕನಿಷ್ಠ ಬೇಕಾದ್ದು 1). ಅದನ್ನು ನೋಡಿ ಯಾರಾದರೂ "ಪಾಸ್" ಎಂದೇ ಬರೆಯುತ್ತಿದ್ದರು. ಜುಲೈಯಲ್ಲಿ, ಹಿಂದಿನ ದಿನ ಪೂರ್ತಿ ಮಳೆ ಬಿದ್ದಮೇಲೆ, ಕತೆ ಬೇರೆ.

ಆರ್‌ಸಿಸಿಬಿಯಿಂದ ಹೊರಡುವ ಎರಡು ವೈರನ್ನೂ ಅದರಿಂದ ಬಿಚ್ಚಿ, ಎರಡನ್ನೂ ಒಂದೇ ಕ್ಲಿಪ್ಪಿನಲ್ಲಿ ಕೂಡಿಸಿ, ಎಂಸಿಬಿ ಎಲ್ಲ ಏರಿಸಿ, ಅರ್ತ್ ಬಾರಿಗೆ ಅಳೆದರೆ 0.00. ಇಡೀ ಮನೆ ಅರ್ತಿಗೆ ಕೂಡಿಕೊಂಡಿದೆ. ಫೇಸ್–ನ್ಯೂಟ್ರಲ್ ಕೂಡಿಸಿ ಅಳೆಯುವುದರಲ್ಲಿ ಒಂದು ಭದ್ರತೆ ಉಂಟು: ಮರೆತು ಉಳಿದ ಬಲ್ಬೋ ಚಾರ್ಜರೋ ಇದ್ದರೆ ಅದರ ಎರಡು ಕಾಲಿನ ನಡುವೆ 500 ವೋಲ್ಟ್ ಬೀಳುವುದಿಲ್ಲ, ಹಾಳಾಗದು.

ಇನ್ನು ಎಂಸಿಬಿ ಎಲ್ಲ ಇಳಿಸಿ, ನ್ಯೂಟ್ರಲ್ ಬಾರಿನಿಂದ ಐದು ಕಪ್ಪು ವೈರನ್ನೂ ಬಿಡಿಸಿ, ಒಂದೊಂದಕ್ಕೂ ಟೇಪಿನಲ್ಲಿ ನಂಬರ್ ಹಚ್ಚಿದ್ದು. ಬಿಚ್ಚುವ ಮೊದಲೇ ನಂಬರ್ ಹಚ್ಚಬೇಕು. ಯಾವ ನ್ಯೂಟ್ರಲ್ ಯಾವ ಫೇಸಿನದ್ದು ಎಂದು ಆಮೇಲೆ ಊಹಿಸಲು ಹೊರಟರೆ ಅರ್ಧ ದಿನ ಹೋಗುತ್ತದೆ. ಪ್ರತಿ ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಕೂಡಿಸಿ ಅರ್ತಿಗೆ, 60 ಸೆಕೆಂಡ್ ಹಿಡಿದು, ಬಂದದ್ದು ಹೀಗೆ, ಎಲ್ಲವೂ ಮೆಗಾಓಮ್‌ನಲ್ಲಿ:

1. ಚಾವಡಿ, ಜಗಲಿ ಲೈಟ್ (ಇನ್ವರ್ಟರ್ ಲೈನ್): 38
2. ಕೋಣೆಗಳ ಲೈಟ್, ಫ್ಯಾನ್: 60
3. ಅಡುಗೆಮನೆ ಪವರ್: 1.6
4. ಬಚ್ಚಲಿನ ಗೀಸರ್, ಜೋಡಿಸಿದ ಹಾಗೆಯೇ: 0.7
5. ಹೊರಗಿನ ಲೈಟ್, ಕೊಟ್ಟಿಗೆ: 0.00

ಎರಡು ಸರ್ಕ್ಯೂಟಿಗೆ ಒಂದೇ ಅಂಕಿ ಬಂದಿದ್ದರೆ ಅನುಮಾನ ಪಡಬೇಕಿತ್ತು. ಯಾವುದೋ ಸ್ವಿಚ್ ಬೋರ್ಡಿನೊಳಗೆ ಎರಡರ ನ್ಯೂಟ್ರಲ್ ಕೂಡಿಸಿದ್ದಾರೆ ಎಂದು ಅರ್ಥ. ಇನ್ವರ್ಟರ್ ಹಾಕಿಸುವಾಗ ಅವಸರದಲ್ಲಿ ಹೀಗೆ ಆಗುವುದು ಬಹಳ. ನಂಬರ್ ಹಚ್ಚಿದ ನ್ಯೂಟ್ರಲ್‌ಗಳ ನಡುವೆಯೇ ಮೆಗ್ಗರ್ ಹಿಡಿದು ನೋಡಿದ್ದಾಯಿತು, ಇಲ್ಲಿ ಆ ತೊಂದರೆ ಇಲ್ಲ.

ಐದನೆಯದನ್ನು ಬಿಟ್ಟು ಉಳಿದ ನಾಲ್ಕನ್ನು ಮತ್ತೆ ಕೂಡಿಸಿ ಅಳೆದಾಗ 0.48 ಬಂತು. ಇದು ಸರಿಯೇ ಎಂದು ಕಾಗದದ ಮೇಲೆ ನೋಡಬಹುದು. ಸರ್ಕ್ಯೂಟುಗಳು ಸಮಾಂತರದಲ್ಲಿರುವುದರಿಂದ 1ನ್ನು ಪ್ರತಿ ಅಂಕಿಯಿಂದ ಭಾಗಿಸಿ ಕೂಡಿಸಬೇಕು: 0.026, 0.017, 0.625, 1.429, ಒಟ್ಟು 2.097. ಅದರಿಂದ 1ನ್ನು ಭಾಗಿಸಿದರೆ 0.477. ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು, ಅಂದರೆ ಪಟ್ಟಿಯಲ್ಲಿಲ್ಲದ ಯಾವ ವೈರೂ ಡಿಬಿಯಿಂದ ಕದ್ದು ಹೊರಟಿಲ್ಲ. ಲೆಕ್ಕಕ್ಕಿಂತ ಅಳತೆ ತುಂಬ ಕಡಿಮೆ ಬಂದಿದ್ದರೆ ಹುಡುಕಬೇಕಾದ್ದು ಇನ್ನೊಂದು ಉಂಟು ಎಂದಾಗುತ್ತಿತ್ತು. ಈ ಸಣ್ಣ ಲೆಕ್ಕಕ್ಕೆ ಎರಡು ನಿಮಿಷ ಸಾಕು, ಎಲ್ಲ ಮನೆಯಲ್ಲೂ ಮಾಡತಕ್ಕದ್ದು.

ಪ್ರತಿ ಅಳತೆ ಮುಗಿದ ಮೇಲೆ ಮೆಗ್ಗರಿನ ಬಟನ್ ಬಿಟ್ಟು, ಕ್ಲಿಪ್ ತೆಗೆಯದೆ ಕೆಲವು ಸೆಕೆಂಡ್ ಕಾದದ್ದು. ವೈರಿನಲ್ಲಿ ತುಂಬಿದ ಚಾರ್ಜು ಮೀಟರಿನ ಮೂಲಕ ಖಾಲಿಯಾಗಲಿ ಎಂದು. ಕ್ಲಿಪ್ಪಿನ ವೈರುಗಳು ಒದ್ದೆ ನೆಲದ ಮೇಲೆ ಬಿದ್ದಿರಬಾರದು, ಒಂದಕ್ಕೊಂದು ಸುತ್ತಿಕೊಂಡಿರಲೂ ಬಾರದು. ಬೆರಳು ತಾಗಿಸಿ ಹಿಡಿದರೆ ಶಾಕ್ ಹೊಡೆಯುವುದಲ್ಲದೆ ಮೈಯ ರೆಸಿಸ್ಟೆನ್ಸೂ ಅಳತೆಯಲ್ಲಿ ಸೇರುತ್ತದೆ.

ಐದನೆಯ ಸರ್ಕ್ಯೂಟ್

ಬಿಡಿಸಿ ಅಳೆದಾಗ ಫೇಸ್–ಅರ್ತ್ 0.9, ನ್ಯೂಟ್ರಲ್–ಅರ್ತ್ 0.00, ಫೇಸ್–ನ್ಯೂಟ್ರಲ್ 0.9. ಮೂರನೆಯ ಅಂಕಿ ಮೊದಲನೆಯದಕ್ಕೆ ಸಮನಾಗಿರುವುದನ್ನು ಗಮನಿಸಿ. ನ್ಯೂಟ್ರಲ್ ಅರ್ತಿಗೆ ಕೂಡಿಕೊಂಡಿದ್ದಾಗ ಫೇಸಿನಿಂದ ನ್ಯೂಟ್ರಲಿಗೆ ಹೋಗುವ ದಾರಿ ಅರ್ತಿನ ಮೂಲಕವೇ. ಫೇಸಿಗೂ ನ್ಯೂಟ್ರಲಿಗೂ ನಡುವೆ ಬೇರೆ ದೋಷ ಇರಬೇಕೆಂದೇನಿಲ್ಲ.

ಮೆಗ್ಗರಿನಲ್ಲಿ 0.00 ಎಂದರೆ 10 ಕಿಲೋಓಮ್‌ಗೆ ಒಳಗೆ ಎಂದಷ್ಟೇ. ಎಷ್ಟು ಒಳಗೆ ಎಂದು ತಿಳಿಯಲು ಮಲ್ಟಿಮೀಟರ್ ಹಿಡಿದರೆ 40 ಓಮ್. ಸಂಜೆ ಬೀಳುವುದರ ಗುಟ್ಟು ಇಲ್ಲಿದೆ. ನ್ಯೂಟ್ರಲಿಗೂ ನಮ್ಮ ಅಂಗಳದ ಅರ್ತ್ ಪೈಪಿಗೂ ನಡುವೆ ಸಾಮಾನ್ಯವಾಗಿ ಅರ್ಧ, ಒಂದು ವೋಲ್ಟ್ ಇರುತ್ತದೆ. ಲೈನಿನ ಮೇಲೆ ಹೊರೆ ಹೆಚ್ಚಿದಷ್ಟೂ ಅದು ಏರುತ್ತದೆ. ದೋಷದ 40 ಓಮ್, ಅರ್ತ್ ಪೈಪಿನದ್ದು 20 ಓಮ್ ಎಂದಿಟ್ಟುಕೊಂಡರೆ ದಾರಿಯ ಒಟ್ಟು 60. ಒಂದು ವೋಲ್ಟಿಗೆ 17 ಮಿಲಿಆಂಪ್ ಹರಿಯುತ್ತದೆ, ಎರಡು ವೋಲ್ಟಿಗೆ 33. 30 ಮಿಲಿಆಂಪ್‌ನ ಆರ್‌ಸಿಸಿಬಿ 15ಕ್ಕೂ 30ಕ್ಕೂ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಮಧ್ಯಾಹ್ನ ಲೈನ್ ಹಗುರ ಇರುವಾಗ ನಿಲ್ಲುತ್ತದೆ. ಸಂಜೆ ನೆರೆಕರೆಯ ಮನೆಗಳಲ್ಲೆಲ್ಲ ಮಿಕ್ಸಿ, ಗೀಸರ್ ಓಡುವಾಗ ನ್ಯೂಟ್ರಲಿನ ವೋಲ್ಟ್ ಏರಿ, ನಮ್ಮ ಮನೆಯಲ್ಲಿ ಎಂಸಿಬಿ ಎಲ್ಲ ಇಳಿಸಿದ್ದರೂ ಬೀಳುತ್ತದೆ. ಆರ್‌ಸಿಸಿಬಿ ಕೆಟ್ಟಿರಲಿಲ್ಲ.

ಜಾಗ ಹುಡುಕಲು ನಡುವಿನಿಂದ ಶುರು ಮಾಡಿದ್ದು, ತುದಿಯಿಂದಲ್ಲ. ಈ ಸರ್ಕ್ಯೂಟಿನ ದಾರಿ: ಡಿಬಿ, ಅಡುಗೆಮನೆಯ ಹಿಂಗೋಡೆ, ಬಚ್ಚಲ ಹೊರಗಿನ ದೀಪ, ಕೊಟ್ಟಿಗೆಯ ಬೋರ್ಡ್, ಅಂಗಳದ ಕಂಬದ ದೀಪ. ಬಚ್ಚಲ ದೀಪದ ಪೆಟ್ಟಿಗೆಯಲ್ಲಿ ಜಾಯಿಂಟ್ ಬಿಚ್ಚಿ ಎರಡೂ ಕಡೆಗೆ ಅಳೆದರೆ ಡಿಬಿ ಕಡೆ 46, ಕೊಟ್ಟಿಗೆ ಕಡೆ 0.00. ಕೊಟ್ಟಿಗೆಯ ಬೋರ್ಡಿನಲ್ಲಿ ಬರುವ ವೈರು ಬಿಚ್ಚಿ ನೋಡಿದರೆ ಬೋರ್ಡಿನಿಂದಾಚೆ 18, ನಡುವಿನ 14 ಮೀಟರಿನಲ್ಲಿ 0.00. ನಾಲ್ಕೇ ಅಳತೆಗೆ ದೋಷ ಎರಡು ಗೋಡೆಯ ನಡುವಿನ ಒಂದು ಪೈಪಿಗೆ ಇಳಿಯಿತು.

ಆ ಪೈಪಿನಲ್ಲಿ ಒಂದು ಜಂಕ್ಷನ್ ಬಾಕ್ಸ್, ಬಚ್ಚಲ ಮಾಡಿನ ಅಂಚಿನ ಕೆಳಗೆ, ಪಕ್ಕಾಸಿನ ತುದಿಗೆ ಹೊಡೆದದ್ದು. ಮುಚ್ಚಳ ತೆಗೆದಾಗ ಮೊದಲು ಬಿದ್ದದ್ದು ಇರುವೆ ಕಟ್ಟಿದ ಕೆಂಪು ಮಣ್ಣು, ಒಂದು ಮುಷ್ಟಿಯಷ್ಟು. ಅದರ ಕೆಳಗೆ ಎರಡು ಚಮಚ ನೀರು. ಜಾಯಿಂಟುಗಳನ್ನು ತಿರುಚಿ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಂಡಿತ್ತು. ನ್ಯೂಟ್ರಲಿನ ಒಂದು ಎಳೆ ಹೊರಚಾಚಿ ಅರ್ತ್ ಜಾಯಿಂಟಿನ ಪಕ್ಕಕ್ಕೆ ಒರಗಿತ್ತು, ಎರಡರ ನಡುವೆ ಹಸಿರು ಕಿಲುಬು ಹರಳುಗಟ್ಟಿ ಸೇತುವೆಯಾಗಿತ್ತು. ಫೇಸ್ ಜಾಯಿಂಟ್ ಪೆಟ್ಟಿಗೆಯ ಮೇಲ್ಭಾಗದಲ್ಲಿದ್ದುದರಿಂದ ಇನ್ನೂ 0.9 ಉಳಿದಿತ್ತು. ಇನ್ನೊಂದು ಮಳೆಗೆ ಅದೂ ನೀರಿಗೆ ಇಳಿಯುತ್ತಿತ್ತು.

ನೀರು ಬಂದದ್ದು ಮುಚ್ಚಳದಿಂದಲ್ಲ, ಪೈಪಿನಿಂದ. ಹಂಚಿನ ಅಂಚಿನಿಂದ ಇಳಿದ ಪೈಪು ಪೆಟ್ಟಿಗೆಯ ನೆತ್ತಿಗೆ ಬಂದು ಸೇರಿತ್ತು. ಪೈಪಿನ ಹೊರಮೈಯಲ್ಲಿ ಹರಿದ ನೀರು ತೂತಿನ ಸಂದಿನಲ್ಲಿ ಒಳಗೆ, ಪೈಪಿನೊಳಗೆ ಬೆವರಿದ ನೀರೂ ಅಲ್ಲಿಗೇ. ಕೊಟ್ಟಿಗೆಯ ಗಂಜಲದ ಘಾಟು ತಾಮ್ರವನ್ನು ಬೇಗ ತಿನ್ನುತ್ತದೆ, ಅದೂ ಕಿಲುಬಿಗೆ ಸೇರಿದ ಕಾರಣ. ಮೇ ತಿಂಗಳ 3.4 ಇದೇ ಪೆಟ್ಟಿಗೆ ಒಣಗಿದ್ದಾಗಿನ ಅಂಕಿ.

ದುರಸ್ತಿಯಲ್ಲಿ ಹಳೆಯ 14 ಮೀಟರ್ ವೈರನ್ನು ಪೂರ್ತಿ ಎಳೆದು ತೆಗೆದದ್ದು. ಕಿಲುಬು ವೈರಿನ ಪಿವಿಸಿಯೊಳಗೆ ಅರ್ಧ ಅಡಿಯವರೆಗೂ ಹತ್ತಿತ್ತು, ತುದಿ ಕತ್ತರಿಸಿ ಮತ್ತೆ ಜೋಡಿಸಿದರೆ ಎರಡು ವರ್ಷದಲ್ಲಿ ಪುನಃ ಅದೇ ಕೆಲಸ. ಹಾಕಿದ್ದು 1.5 ಚದರ ಮಿಲಿಮೀಟರ್ ತಾಮ್ರದ ಎಫ್‌ಆರ್ (ಬೆಂಕಿ ಹಬ್ಬಿಸದ) ವೈರು, ಕೆಂಪು, ಕಪ್ಪು, ಹಸಿರು ತಲಾ 15 ಮೀಟರ್. 20 ಮಿಲಿಮೀಟರ್ ಪಿವಿಸಿ ಪೈಪು, 3 ಮೀಟರಿನದ್ದು ಐದು. ಸ್ಯಾಡಲ್ 60 ಸೆಂಟಿಮೀಟರಿಗೊಂದರಂತೆ 24. ಗ್ಯಾಸ್ಕೆಟ್ ಇರುವ, ಧೂಳು ನೀರು ಒಳಹೋಗದ ಐಪಿ65 ಪೆಟ್ಟಿಗೆ ಒಂದು, ಗ್ಲ್ಯಾಂಡ್ ಎರಡು. ಪೆಟ್ಟಿಗೆಯನ್ನು ಅಂಚಿನಿಂದ ಒಂದೂವರೆ ಅಡಿ ಒಳಕ್ಕೆ ಸರಿಸಿ, ಎರಡು ಪೈಪೂ ಕೆಳಗಿನಿಂದಲೇ ಒಳಹೋಗುವಂತೆ ಮಾಡಿದ್ದಾಯಿತು. ಪೈಪು ಪೆಟ್ಟಿಗೆಗೆ ಏರುವ ಮೊದಲು ಒಮ್ಮೆ ತಗ್ಗಿ ಇಳಿದಿರಬೇಕು, ಆ ತಗ್ಗಿನ ತಳದಲ್ಲಿ 5 ಮಿಲಿಮೀಟರಿನ ಒಂದು ತೂತು. ಪೈಪಿನೊಳಗೆ ನೀರು ಆಗುವುದೇ ಇಲ್ಲ ಎಂದು ಎಷ್ಟು ಸೀಲ್ ಮಾಡಿದರೂ ಈ ಹವೆಯಲ್ಲಿ ಬೆವರು ಆಗಿಯೇ ಆಗುತ್ತದೆ. ಅದು ಹೊರಹೋಗುವ ದಾರಿ ಇಡುವುದೇ ಜಾಣತನ. ಒಳಗೆ ಜಾಯಿಂಟಿಗೆ ಟೇಪು ಇಲ್ಲ, ಸ್ಕ್ರೂ ಕನೆಕ್ಟರ್, ಪೆಟ್ಟಿಗೆಯ ತಳದಿಂದ ಮೇಲಕ್ಕೆತ್ತಿ ಕೂರಿಸಿದ್ದು.

ಕೊಟ್ಟಿಗೆಯ ಕಡೆಯ 18 ಕೂಡ ಇಷ್ಟವಾಗಲಿಲ್ಲ. ಬಲ್ಬಿನ ಹೋಲ್ಡರ್ ಬಿಚ್ಚಿದರೆ ಒಳಗೆ ಜೇಡನ ಬಲೆ, ಹಲ್ಲಿಯ ಹಿಕ್ಕೆ. ಅದನ್ನು ತೆಗೆದು ಗಾಜಿನ ಮುಚ್ಚಳ ಇರುವ ಬಲ್ಕ್‌ಹೆಡ್ ಹಾಕಿದ ಮೇಲೆ 95. ಕೊಟ್ಟಿಗೆಯಲ್ಲಿ ಈ ಜಾಗ್ರತೆ ಹೆಚ್ಚು ಬೇಕು. ಹಸು ನಾಲ್ಕು ಕಾಲನ್ನೂ ಒದ್ದೆ ನೆಲಕ್ಕೆ ಊರಿ ನಿಂತಿರುತ್ತದೆ, ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು. ಮನುಷ್ಯನಿಗೆ ಗೊತ್ತೇ ಆಗದಷ್ಟು ವೋಲ್ಟ್ ಅದಕ್ಕೆ ಹೊಡೆಯುತ್ತದೆ.

ಹೊಸ ವೈರನ್ನು ಜೋಡಿಸುವ ಮೊದಲೇ ಎರಡೂ ತುದಿ ಬಿಟ್ಟು ಅಳೆದದ್ದು, ಮೂರು ಜೋಡಿಯೂ 200ಕ್ಕಿಂತ ಮೇಲೆ. ಎಳೆಯುವಾಗ ಪೈಪಿನ ಚೂಪು ಅಂಚು ಕಚ್ಚಿ ಪಿವಿಸಿ ಸೀಳಿದ್ದರೆ ಆಗಲೇ ಗೊತ್ತಾಗುತ್ತದೆ. ಜೋಡಿಸಿದ ಮೇಲೆ ಪೂರ್ತಿ ಸರ್ಕ್ಯೂಟ್ 31. ಡಿಬಿ ಕಡೆಯ 46 ಮತ್ತು ಕೊಟ್ಟಿಗೆಯ 95 ಸಮಾಂತರಕ್ಕೆ ಲೆಕ್ಕವೂ ಅದೇ.

ಪಾಸಾದ 1.6ನ್ನು ಯಾಕೆ ಬಿಡಲಿಲ್ಲ

ಅಡುಗೆಮನೆಯ 1.6 ಎಲ್ಲರೂ ಹೇಳುವ 1 ಮೆಗಾಓಮ್ ಮಿತಿಗಿಂತ ಮೇಲಿದೆ. 500 ವೋಲ್ಟ್ ಡಿಸಿಯಲ್ಲಿ ಒಂದು ನಿಮಿಷ, ಕನಿಷ್ಠ 1 ಮೆಗಾಓಮ್ ಎಂಬುದು 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸ್ ಕಾಲದಿಂದ ಬಂದ ಗೆರೆ. ಆದರೆ ವೈರಿಂಗಿನ ಭಾರತೀಯ ಮಾನದಂಡವಾದ 1989ರ ಐಎಸ್ 732ರಲ್ಲಿ ಇನ್ನೊಂದು ಅಳತೆಗೋಲು ಇತ್ತು: 50ನ್ನು ಸರ್ಕ್ಯೂಟಿನ ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿದಷ್ಟು ಮೆಗಾಓಮ್ ಬೇಕು, ಇಡೀ ಮನೆಗೆ 1ಕ್ಕಿಂತ ಹೆಚ್ಚು ಕೇಳಬೇಕಾಗಿಲ್ಲ. ಒಂದೊಂದೇ ಸರ್ಕ್ಯೂಟ್ ನೋಡುವವರಿಗೆ ಇದು ಬಹಳ ಒಳ್ಳೆಯ ಅಳತೆಗೋಲು. ಅಡುಗೆಮನೆಗೆ 8 ಪಾಯಿಂಟ್, ಹಾಗಾದರೆ 6.25 ಬೇಕು. 1.6 ಸಾಲದು.

ಅದಕ್ಕಿಂತ ದೊಡ್ಡ ಕಾರಣ, ಮೇಯಲ್ಲಿ 22 ಇದ್ದದ್ದು ಎರಡು ತಿಂಗಳಲ್ಲಿ 1.6ಕ್ಕೆ ಇಳಿದದ್ದು. ಪಿವಿಸಿ ವೈರು ಸುಸ್ಥಿತಿಯಲ್ಲಿದ್ದರೆ ಮಳೆಗೆ ಸ್ವಲ್ಪ ಇಳಿಯುತ್ತದೆ, ಹತ್ತು ಪಟ್ಟಿಗೂ ಹೆಚ್ಚು ಇಳಿಯುವುದಿಲ್ಲ. ಮೆಗ್ಗರಿನ ಅಂಕಿಯೂ ನಿಂತಲ್ಲಿ ನಿಲ್ಲದೆ 1.6, 1.4, 1.9 ಎಂದು ಕುಣಿಯುತ್ತಿತ್ತು. ವೈರಿನೊಳಗಿನ ದೋಷಕ್ಕಿಂತ ಮೈಮೇಲಿನ ತೇವ, ಕೊಳೆಯ ಗುಣ ಅದು. ಬೋರ್ಡುಗಳನ್ನು ಒಂದೊಂದಾಗಿ ಬಿಚ್ಚಿದಾಗ ಗ್ರೈಂಡರಿನ ಮೇಲಿನ 16 ಆಂಪ್ ಸಾಕೆಟ್ಟಿನ ಹಿಂದೆ ಎಣ್ಣೆ ಹೊಗೆಯ ಕಪ್ಪು ಜಿಡ್ಡು, ಅದರ ಮೇಲೆ ಅಕ್ಕಿಹಿಟ್ಟಿನ ಧೂಳು. ಫೇಸ್ ಟರ್ಮಿನಲಿನಿಂದ ಅರ್ತ್ ಟರ್ಮಿನಲಿಗೆ ಕೂದಲೆಳೆಯಂಥ ಒಂದು ಕಂದು ಗೆರೆ ಬಿದ್ದಿತ್ತು. ಒದ್ದೆ ಧೂಳಿನಲ್ಲಿ ಕರೆಂಟು ಹರಿದು, ಬೇಕಲೈಟ್ ಸುಟ್ಟು ಇದ್ದಿಲಾಗುವುದು ಹೀಗೆ. ಒಮ್ಮೆ ಇದ್ದಿಲಾದ ಗೆರೆ ಒರೆಸಿದರೆ ಹೋಗದು. ಸಾಕೆಟ್ ಬದಲಿಸಿ, ಪೆಟ್ಟಿಗೆಯನ್ನು ಬ್ರಷ್ಷಿನಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿದ ಮೇಲೆ 85. 1.6ಕ್ಕೆ ಹರಿಯುವ ಕರೆಂಟು 0.14 ಮಿಲಿಆಂಪ್ ಮಾತ್ರ, ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ಗೆರೆ ದಪ್ಪವಾಗಿ ಬೆಂಕಿಯಾಗುವ ಮೊದಲು ತೋರಿಸಿಕೊಟ್ಟದ್ದು ಬರೆದಿಟ್ಟ ಹಳೆಯ 22.

ಗೀಸರಿನ 0.7 ಬೇರೆ ತರದ್ದು. ಡಬಲ್ ಪೋಲ್ ಸ್ವಿಚ್ ಇಳಿಸಿ ಗೀಸರನ್ನು ಬಿಡಿಸಿದರೆ ವೈರು 200ಕ್ಕಿಂತ ಮೇಲೆ, ಅಂದರೆ ಕಡಿಮೆ ಇರುವುದು ಎಲಿಮೆಂಟಿನದ್ದು. ಎಲಿಮೆಂಟಿನೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವ ಹೀರುವಂಥದ್ದು. ಬೇಸಗೆಯಿಡೀ ಹಾಕದೆ ಇಟ್ಟ ಗೀಸರಿನ ಅಂಕಿ ಇಳಿಯುವುದು ಸಹಜ. ಐದನೆಯ ಸರ್ಕ್ಯೂಟ್ ಸರಿಯಾದ ಮೇಲೆ ಟ್ಯಾಂಕಿನಲ್ಲಿ ನೀರು ತುಂಬಿರುವುದನ್ನು ನೋಡಿ, ಯಾರೂ ಬಚ್ಚಲಿಗೆ ಹೋಗದಂತೆ ಹೇಳಿ, ಆರ್‌ಸಿಸಿಬಿಯ ಮೂಲಕವೇ ಅರ್ಧ ಗಂಟೆ ಉರಿಸಿ, ಕರೆಂಟು ಕಡಿದು ಮತ್ತೆ ಅಳೆದರೆ 12. ಏರದೆ ಅಲ್ಲೇ ನಿಂತಿದ್ದರೆ, ಅಥವಾ ಇಳಿದಿದ್ದರೆ, ಎಲಿಮೆಂಟಿನ ಕವಚ ತೂತಾಗಿದೆ ಎಂದು ಬದಲಿಸಬೇಕಿತ್ತು.

ಚಾವಡಿಯ 38ರ ಬಗ್ಗೆ ಒಂದು ಮಾತು. ಮುಚ್ಚಿಗೆಯ ಮೇಲೆ ಓಡುವ ವೈರು ಬಟ್ಟೆ ಸುತ್ತಿದ ಹಳೆಯ ರಬ್ಬರಿನದ್ದು. ಸೀಲಿಂಗ್ ರೋಸ್ ಬಿಚ್ಚಿದಲ್ಲಿ ರಬ್ಬರ್ ಬೆರಳಿಗೆ ಪುಡಿಯಾಗಿ ಬರುತ್ತದೆ. ಅಲುಗಾಡದೆ ಒಣ ಮರದ ಮೇಲೆ ಮಲಗಿರುವವರೆಗೆ ಮೆಗ್ಗರ್ ಅದನ್ನು ಹೊಗಳುತ್ತದೆ, ಜೊತೆಗೆ ಅಲ್ಲಿ ಅರ್ತ್ ವೈರೂ ಇಲ್ಲ. ಇಲಿ ಓಡಿದರೆ, ಹಂಚು ಕೈಯಾಡಿಸುವವರು ಕಾಲಿಟ್ಟರೆ ಮುಗಿಯಿತು. ದಾಖಲೆಯಲ್ಲಿ 38 ಎಂದು ಬರೆದು, ಪಕ್ಕದಲ್ಲಿ "ಅರ್ತ್ ಇಲ್ಲ, ರಬ್ಬರ್ ಪುಡಿ, ಮುಂದಿನ ಮಳೆಗೆ ಮೊದಲು ಪೂರ್ತಿ ಬದಲಿಸಬೇಕು" ಎಂದು ಬರೆದದ್ದಾಯಿತು.

ಡಿಬಿಯ ಬಾಗಿಲಿನ ಹಾಳೆ

ನ್ಯೂಟ್ರಲ್‌ಗಳನ್ನೆಲ್ಲ ಬಾರಿಗೆ ಬಿಗಿದು, ಗೀಸರ್ ಬಿಡಿಸಿಟ್ಟು, ಕೊನೆಗೆ ಇಡೀ ಮನೆ ಕೂಡಿಸಿ ಅಳೆದದ್ದು 11. ಲೆಕ್ಕದಲ್ಲಿ ಬರಬೇಕಾದ್ದು 10.9ರಿಂದ 11.5. ನಾಲ್ಕನೆಯ ಸರ್ಕ್ಯೂಟಿನದ್ದು "200ಕ್ಕಿಂತ ಮೇಲೆ" ಎಂದಷ್ಟೇ ಗೊತ್ತಿರುವುದರಿಂದ ಲೆಕ್ಕಕ್ಕೆ ಈ ಸಣ್ಣ ಅಂತರ.

ಹಾಳೆಯಲ್ಲಿ ಬರೆದದ್ದರ ಮಾದರಿ ಹೀಗೆ:

ಜುಲೈ, ಹಿಂದಿನ 24 ಗಂಟೆ ಮಳೆ. ಕೋಣೆ 26 ಡಿಗ್ರಿ. 500 ವೋಲ್ಟ್, 60 ಸೆಕೆಂಡ್. ಬಲ್ಬ್, ಪ್ಲಗ್ ಎಲ್ಲ ತೆಗೆದು, ಸ್ವಿಚ್ ಆನ್.
ಸರ್ಕ್ಯೂಟ್ 3, ಅಡುಗೆಮನೆ, 8 ಪಾಯಿಂಟ್: ಕೂಡಿಸಿ–ಅರ್ತ್ 1.6. ಸಾಕೆಟ್ ಬದಲಿಸಿದ ಮೇಲೆ 85.
ಸರ್ಕ್ಯೂಟ್ 5, ಹೊರಗೆ, 5 ಪಾಯಿಂಟ್: ಫೇಸ್–ಅರ್ತ್ 0.9, ನ್ಯೂಟ್ರಲ್–ಅರ್ತ್ 0.00 (ಮಲ್ಟಿಮೀಟರಿನಲ್ಲಿ 40 ಓಮ್). ಬಚ್ಚಲಿಂದ ಕೊಟ್ಟಿಗೆಗೆ 14 ಮೀಟರ್ ಹೊಸ ವೈರು. ಆಮೇಲೆ 31.

ಮಳೆಯೋ ಬಿಸಿಲೋ ಎಂಬ ಕಾಲಂ ಬಿಟ್ಟರೆ ಉಳಿದ ಅಂಕಿಗಳಿಗೆ ಅರ್ಥವೇ ಉಳಿಯದು. ಮೇ ತಿಂಗಳದನ್ನು ಮೇಯ ಜೊತೆ, ಆಟಿಯದನ್ನು ಆಟಿಯ ಜೊತೆಯೇ ಹೋಲಿಸಬೇಕು. ಮೀಟರ್ ರೇಂಜಿನಾಚೆ ತೋರಿಸಿದಾಗ "ಸರಿ" ಎಂದೋ "ಅನಂತ" ಎಂದೋ ಬರೆಯದೆ "200ಕ್ಕಿಂತ ಮೇಲೆ" ಎಂದೇ ಬರೆಯಬೇಕು. ಮುಂದೆ ಯಾರಾದರೂ 2000ದ ರೇಂಜಿನ ಮೀಟರ್ ತಂದು 400 ಎಂದು ಬರೆದರೆ ಅದು ಏರಿಕೆಯೋ ಇಳಿಕೆಯೋ ಎಂಬ ಗೊಂದಲ ಬರಬಾರದು. ಏನನ್ನು ಬಿಡಿಸಿ ಅಳೆದದ್ದು, ಏನನ್ನು ಬಿಡಿಸಲಿಲ್ಲ ಎಂಬುದೂ ಬೇಕು.

ಸರ್ಕ್ಯೂಟುಗಳ ಹೆಸರನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಹಚ್ಚಿದೆ. ಮನೆಯವರು ಓದುವುದು ಕನ್ನಡ, ಮುಂದಿನ ಸಲ ಬರುವ ವಯರ್‌ಮ್ಯಾನ್ ಓದುವುದು ಮಲಯಾಳವಾಗಿರಬಹುದು. ಮಳೆಯ ರಾತ್ರಿ ಟಾರ್ಚ್ ಹಿಡಿದು ನಿಂತಾಗ ಯಾವ ಎಂಸಿಬಿ ಕೊಟ್ಟಿಗೆಯದು ಎಂದು ಇಬ್ಬರಿಗೂ ಒಂದೇ ನೋಟಕ್ಕೆ ತಿಳಿಯಬೇಕು.

ಮೇನ್ ಏರಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುವುದನ್ನು ನೋಡಿ, ಎತ್ತಿ, ಮಿಕ್ಸಿ, ಗ್ರೈಂಡರ್, ಗೀಸರ್ ಮೂರನ್ನೂ ಒಟ್ಟಿಗೆ ಹಾಕಿ ಹತ್ತು ನಿಮಿಷ ಬಿಟ್ಟದ್ದು. ಬೀಳಲಿಲ್ಲ. ಸಂಜೆ ಏಳಕ್ಕೆ ಮತ್ತೆ ನೋಡಿದಾಗ ನ್ಯೂಟ್ರಲಿಗೂ ಅರ್ತಿಗೂ ನಡುವೆ 2.1 ವೋಲ್ಟ್ ಇತ್ತು, ಆರ್‌ಸಿಸಿಬಿ ನಿಂತೇ ಇತ್ತು. ಆ 2.1ನ್ನೂ ಹಾಳೆಯ ಕೆಳಗೆ ಬರೆದಿದೆ. ಮುಂದಿನ ಅಳತೆ ಮೇ ಕೊನೆಯಲ್ಲಿ, ಚಾವಡಿಯ ವೈರು ಬದಲಿಸಿದ ಮೇಲೆ.